ಕೈಮರದ ಮೇಲಿನ ಬರಹ

ದಾರಿ ಕವಲೊಡೆಯುವ ಎಡೆಯಲ್ಲಿ ನೆಟ್ಟಿರುವ ಕೈಮರವನ್ನು ಕಾಣದ ವಾಚಕರು ಇರಲಾರರು. ನೆಲದಲ್ಲಿ ಹುಗಿದ ಒಂದು ಕಂಬ; ಅದಕ್ಕೆ ಎರಡೋ ಮೂರೋ ಕೈಗಳು; ಒಂದೊಂದು ಕೈಯ ಮೇಲೂ ಒಂದೊಂದು ಊರಿನ ಹೆಸರು, ಅದರ ಪಕ್ಕದಲ್ಲಿ ದೂರವನ್ನು ಸೂಚಿಸುವ ಅಂಕೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆಗೆ ಹೊರಟವರಿಗೆ ಕೈಮರವೆಂಬ ಹೆಸರಿನ ಸ್ಥಳವೇ ಎದುರಾಗುತ್ತದೆ. ಈಗ ಶಿರಾಳಕೊಪ್ಪದ ಹೊರವಲಯದಲ್ಲಿ ಅಂಥದೊಂದು ಕೈಮರವಿದೆಯೆಂದೂ, ಅದರ ಮೂರು ಕೈಗಳ ಮೇಲೂ ಊರಿನ ಹೆಸರಿಗೆ ಬದಲಾಗಿ ‘ಇಲ್ಲಿ’, ‘ಇಲ್ಲಿ’, ‘ಇಲ್ಲಿ’ ಎಂದು ಬರೆದಿದೆಯೆಂದೂ ಭಾವಿಸೋಣ. ತಾಳಗುಂದಕ್ಕೆ ಹೋಗಬೇಕಾದವನು ಬಳ್ಳಿಗಾವಿಗೆ ಹೋದಾನು. ಬಳ್ಳಿಗಾವಿಗೆ ಹೊರಟವನು ಸೊರಬವನ್ನು ಸೇರಿಯಾನು. ಆ ಕಂಬವನ್ನು ನೆಟ್ಟ ಪುಣ್ಯಾತ್ಮನನ್ನು ಪ್ರಯಾಣಿಕರು ಯಾವ ಮಾತಿನಿಂದ ಸ್ಮರಿಸುತ್ತಾರೆಂಬುದನ್ನು ಬರೆಯದಿರುವುದೇ ಮೇಲು.

ಅಂತರಜಾಲದಲ್ಲಿ ಇಂಥ ಕೈಮರಗಳನ್ನು ನಾವು ದಿನವೂ ನೆಡುತ್ತಿದ್ದೇವೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ದಾರಿಯನ್ನು ಕಲ್ಪಿಸುವ ಏರ್ಪಾಡಿಗೆ ಕೊಂಡಿಯೆಂಬ ಹೆಸರು ಕನ್ನಡದಲ್ಲಿ ರೂಢಿಗೆ ಬಂದಿದೆ. ಕೊಂಡಿಗೆ ಎರಡು ಅಂಗಗಳುಂಟು. ಒಂದು, ಮರೆಯಲ್ಲಿರುವ ವಿಳಾಸ. ಅದು ಯಂತ್ರಕ್ಕೆ ಸೇರಿದ್ದು. ಇನ್ನೊಂದು, ಓದುವವನ ಕಣ್ಣಿಗೆ ನೀಲಿಬಣ್ಣದಲ್ಲಿಯೋ ಅಡಿಗೆರೆಯೊಡನೆಯೋ ಕಾಣುವ ಮಾತು. ಇದನ್ನು ಇಂಗ್ಲಿಷಿನವರು ‘ಆಂಕರ್ ಟೆಕ್ಸ್ಟ್’ ಎನ್ನುತ್ತಾರೆ. ನಾವು ಈ ಲೇಖನದಲ್ಲಿ ‘ಕೊಂಡಿಮಾತು’ ಎನ್ನೋಣ. ವಿಳಾಸ ತಪ್ಪಿದರೆ ಕೊಂಡಿ ತೆರೆಯುವುದಿಲ್ಲ. ಆದುದರಿಂದ ಅದನ್ನು ಎಲ್ಲರೂ ಜಾಗರೂಕತೆಯಿಂದ ಬರೆಯುತ್ತಾರೆ. ಮಾತು ತಪ್ಪಿದರೆ ಕೊಂಡಿ ತೆರೆದೇ ತೆರೆಯುತ್ತದೆ. ಆದುದರಿಂದ ಅದರ ಕಡೆಗೆ ಯಾರ ಲಕ್ಷ್ಯವೂ ಇಲ್ಲ. ಈ ಅಲಕ್ಷ್ಯದಿಂದ ಶಿಕಾರಿಪುರ, ಸೊರಬಗಳಂಥ ಸೀಮೆಗಳ ಜ್ಞಾನಕ್ಕೆ ಆಗುತ್ತಿರುವ ಹಾನಿಯನ್ನು ವಾಚಕರ ಗಮನಕ್ಕೆ ತರಬೇಕೆಂಬುದು ನಮ್ಮ ಉದ್ದೇಶ.

ಬರಹಗಳನ್ನು ಒಂದಕ್ಕೊಂದು ಹೊಂದಿಸಿ ದಾರಿ ಮಾಡುವ ಆಲೋಚನೆ ಅಂತರಜಾಲಕ್ಕಿಂತ ಹಳೆಯದು. ಅಮೆರಿಕದ ವ್ಯಾನೆವಾರ್ ಬುಷ್ ಎಂಬ ವಿಜ್ಞಾನಿ 1945ರಲ್ಲಿ ಅಂಥದೊಂದು ಯಂತ್ರವನ್ನು ಕಲ್ಪಿಸಿ ಬರೆದನು. ‘ಹೈಪರ್‌ಟೆಕ್ಸ್ಟ್’ ಎಂಬ ಮಾತನ್ನು ಟೆಡ್ ನೆಲ್ಸನ್ 1965ರಲ್ಲಿ ಬಳಕೆಗೆ ತಂದನು. ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ತನ್ನ ಯೋಜನೆಯನ್ನು ಮುಂದಿಟ್ಟ ಮೇಲೆ ಅದು ಜಗದ್ವ್ಯಾಪಿಯಾದ ಜಾಲವಾಗಿ ಬೆಳೆಯಿತು. ಇಲ್ಲಿಯವರೆಗೆ ಕೊಂಡಿಮಾತು ಓದುಗನಿಗೆ ಮಾತ್ರ ಸಂಬಂಧಿಸಿದ್ದಾಗಿತ್ತು. ಶೋಧಯಂತ್ರಗಳು ಹುಟ್ಟಿದ ಮೇಲೆ ಅದಕ್ಕೆ ಎರಡನೆಯ ಓದುಗನೊಬ್ಬನು ದೊರಕಿದನು.

ಶೋಧಯಂತ್ರದ ಕೆಲಸವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ದೊಡ್ಡ ಗ್ರಂಥಗಳ ಕೊನೆಯಲ್ಲಿ ಪದಸೂಚಿ ಇರುತ್ತದಷ್ಟೆ: ಯಾವ ಪದ ಯಾವ ಪುಟದಲ್ಲಿದೆಯೆಂದು ಅದು ತಿಳಿಸುತ್ತದೆ. ಶೋಧಯಂತ್ರವು ಕೋಟ್ಯಂತರ ಜಾಲಪುಟಗಳನ್ನು ಮೊದಲೇ ಓದಿ ಅಂಥದೇ ಒಂದು ಮಹಾಸೂಚಿಯನ್ನು ಸಿದ್ಧಮಾಡಿಟ್ಟುಕೊಂಡಿರುತ್ತದೆ. ನಾವು ‘ತಾಳಗುಂದ’ ಎಂದು ಕೇಳಿದಾಗ ಅದು ಹುಡುಕುವುದು ಈ ಸೂಚಿಯಲ್ಲಿ. ಇಲ್ಲಿಯೇ ಒಂದು ಚಮತ್ಕಾರವಿದೆ. ಒಂದನೆಯ ಪುಟದಲ್ಲಿರುವ ಕೊಂಡಿಯ ಮಾತನ್ನು ಯಂತ್ರವು ಆ ಪುಟದ ಲೆಕ್ಕಕ್ಕೆ ಬರೆದುಕೊಳ್ಳುವುದಲ್ಲದೆ, ಕೊಂಡಿಯು ಬೆರಳು ಮಾಡಿ ತೋರಿಸುವ ಎರಡನೆಯ ಪುಟದ ಲೆಕ್ಕಕ್ಕೂ ಬರೆದುಕೊಳ್ಳುತ್ತದೆ. ಎಂದರೆ, ನಮ್ಮ ಪುಟದ ವಿಷಯವಾಗಿ ಬೇರೆಯವರು ಆಡಿದ ಮಾತು ನಮ್ಮ ಪುಟದ ಗುಣವಾಗಿ ಪರಿಗಣಿತವಾಗುತ್ತದೆ. 1994ರಲ್ಲಿ ‘ವರ್ಲ್ಡ್ ವೈಡ್ ವೆಬ್ ವರ್ಮ್’ ಎಂಬ ಶೋಧಯಂತ್ರ ಈ ಉಪಾಯವನ್ನು ಅನುಸರಿಸಿತು. ಗೂಗಲ್ಲನ್ನು ಕಟ್ಟಿದ ಸರ್ಗೆ ಬ್ರಿನ್, ಲ್ಯಾರಿ ಪೇಜ್ ಇಬ್ಬರೂ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಪ್ರಮುಖ ಸ್ಥಾನ ಕೊಟ್ಟರು. ಆಗ ಅವರ ಯಂತ್ರ ಓದಿದ್ದ 2 ಕೋಟಿ 40 ಲಕ್ಷ ಪುಟಗಳಿಂದ 25 ಕೋಟಿ 90 ಲಕ್ಷಕ್ಕೂ ಹೆಚ್ಚು ಕೊಂಡಿಮಾತುಗಳು ಸೂಚಿಗೆ ಸೇರಿದ್ದುವು. ಪುಟವು ತನ್ನನ್ನು ತಾನು ವರ್ಣಿಸಿಕೊಳ್ಳುವುದಕ್ಕಿಂತ ಇತರರು ಕೊಂಡಿಯಲ್ಲಿ ಅದನ್ನು ವರ್ಣಿಸುವುದು ಎಷ್ಟೋ ವೇಳೆ ಹೆಚ್ಚು ನಿಖರವಾಗಿರುತ್ತದೆಯೆಂಬುದು ಅವರ ಅನುಭವ. ತನ್ನ ಗುಣವನ್ನು ತಾನೇ ಹೊಗಳಿಕೊಳ್ಳುವವನಿಗಿಂತ ನೆರೆಯವರ ಸಾಕ್ಷ್ಯವನ್ನು ನಂಬುವುದು ಲೋಕರೂಢಿಯೂ ಅಹುದು.

ಅದೇ ಪ್ರಬಂಧದಲ್ಲಿ ಮತ್ತೊಂದು ಮಾತಿದೆ. ನಮ್ಮ ಪ್ರಕೃತಕ್ಕೆ ಅದೇ ಜೀವಾಳ. ಯಂತ್ರವು ಓದಲಾರದ ವಸ್ತುಗಳನ್ನೂ, ಉದಾಹರಣೆಗೆ ಚಿತ್ರಗಳನ್ನು, ಕೊಂಡಿಮಾತಿನ ಬಲದಿಂದ ಸೂಚಿಗೆ ಸೇರಿಸಬಹುದು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಂಪತ್ತು ಯಾವ ಬಗೆಯದೆಂಬುದನ್ನು ನೆನೆದರೆ ಇದರ ಮಹತ್ತ್ವ ಹೊಳೆಯುತ್ತದೆ. ತಾಳಗುಂದದ ಸ್ತಂಭ, ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳು, ಬಂದಳಿಕೆಯ ಬಸದಿ, ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ, ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಂತಿರುವ ವೀರಗಲ್ಲುಗಳು — ಎಲ್ಲವೂ ಕಲ್ಲು. ಕಲ್ಲಿನ ಭಾವಚಿತ್ರವನ್ನು ಜಾಲಕ್ಕೆ ಏರಿಸಿದರೆ ಹಳಗನ್ನಡದ ಸವೆದ ಅಕ್ಷರಗಳನ್ನು ಯಂತ್ರ ತಾನಾಗಿ ಓದೀತೆಂದು ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ಆ ಮೂಕಚಿತ್ರಕ್ಕೆ ಬಾಯಿಯೆಂದರೆ ಅದರ ಸುತ್ತಣ ನಾಲ್ಕು ಮಾತು ಮತ್ತು ಅದರೆಡೆಗೆ ಕರೆದೊಯ್ಯುವ ಕೊಂಡಿಯ ಮಾತು.

ಸೊರಬದ ಒಬ್ಬ ಉಪಾಧ್ಯಾಯರು ತಮ್ಮ ಸುತ್ತಣ ಹಳ್ಳಿಗಳ ವೀರಗಲ್ಲುಗಳನ್ನು ಕುರಿತು ಒಂದು ಬ್ಲಾಗನ್ನು ನಡೆಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. ವಿಷಯ ಕಿರಿದು, ಓದುಗರೂ ಕೆಲವರೇ. ದೊಡ್ಡ ವಿಷಯಗಳಿಗೆ ಸಾವಿರಾರು ಕೊಂಡಿಗಳಿರುತ್ತವೆ; ಅವುಗಳಲ್ಲಿ ನೂರು ಕೆಟ್ಟರೂ ಉಳಿದವು ಕಾಪಾಡುತ್ತವೆ. ಉಪಾಧ್ಯಾಯರ ಪುಟಕ್ಕೆ ಬರುವುದೇ ಹತ್ತು ಕೊಂಡಿ. ಆ ಹತ್ತರಲ್ಲಿ ಆರು ‘ಇಲ್ಲಿ ಒತ್ತಿರಿ’ ಎಂದೂ ಮೂರು ‘ಇನ್ನಷ್ಟು ಓದಿ’ ಎಂದೂ ಹೇಳಿದರೆ ಪುಟದ ಪರವಾಗಿ ಸಾಕ್ಷಿ ನುಡಿದವನು ಒಬ್ಬನೇ. ಅದಕ್ಕಾಗಿಯೇ ನಾವು ಹೇಳುವುದು, ಕೊಂಡಿಮಾತಿನ ವಿವೇಚನೆ ದೊಡ್ಡ ವಾಣಿಜ್ಯ ಸಂಸ್ಥೆಗಳಿಗಿಂತ ಇಂಥ ಸಣ್ಣ ಪುಟಗಳಿಗೆ ಹೆಚ್ಚು ಅವಶ್ಯಕವೆಂದು.

ಹಾಗಾದರೆ ಮಾತನ್ನು ಹೇಗೆ ಆರಿಸಬೇಕು? ತಾಳಗುಂದವನ್ನೇ ತೆಗೆದುಕೊಳ್ಳೋಣ. ‘ತಾಳಗುಂದ ಶಾಸನ’ ಎಂಬ ಕೊಂಡಿ ಮೇಲ್ನೋಟಕ್ಕೆ ನಿರ್ದುಷ್ಟವಾಗಿ ಕಾಣುತ್ತದೆ. ಆದರೆ ಆ ಊರಿನಲ್ಲಿ ಶಾಸನ ಒಂದೇ ಅಲ್ಲ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಸ್ತಂಭದ ಮೇಲಿರುವುದು ಸಂಸ್ಕೃತ ಕಾವ್ಯ, ಕುಬ್ಜನೆಂಬ ಕವಿ ರಚಿಸಿದ್ದು, ಮಯೂರಶರ್ಮನು ಕಂಚಿಗೆ ಹೋಗಿ ಅಲ್ಲಿ ಅಪಮಾನಿತನಾಗಿ ಶಸ್ತ್ರ ಹಿಡಿದ ವೃತ್ತಾಂತವನ್ನೂ ಕದಂಬರ ವಂಶಾವಳಿಯನ್ನೂ ತಿಳಿಸುವಂಥದು, ಐದನೆಯ ಶತಮಾನದ್ದು. ಅದೇ ದೇವಾಲಯದ ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು 2013ರಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಬರೆದ ಮತ್ತೊಂದು ಶಾಸನ ದೊರೆಯಿತು. ಅದರಲ್ಲಿ ಕನ್ನಡದ ಮಾತುಗಳಿವೆ. ಅದರ ಕಾಲವನ್ನು ಕ್ರಿ.ಶ. 370 ಎಂದು ಎಣಿಸಿದ್ದಾರೆ. ಒಂದು ಸಂಸ್ಕೃತ, ಒಂದು ಕನ್ನಡ. ಒಂದು ರಾಜವಂಶದ ಇತಿಹಾಸಕ್ಕೆ ಆಧಾರ, ಒಂದು ಭಾಷೆಯ ಇತಿಹಾಸಕ್ಕೆ ಆಧಾರ. ಎರಡನ್ನೂ ‘ತಾಳಗುಂದ ಶಾಸನ’ ಎಂಬ ಒಂದೇ ಹಗ್ಗದಿಂದ ಕಟ್ಟಿದರೆ ವಿದ್ಯಾರ್ಥಿ ಮಯೂರಶರ್ಮನನ್ನು ಹುಡುಕುತ್ತ ಸಿಂಹದ ಬಳಿಗೆ ಬರುತ್ತಾನೆ. ‘ತಾಳಗುಂದದ ಕದಂಬ ಸ್ತಂಭಶಾಸನ’ ಎಂದೂ ‘ತಾಳಗುಂದದ ಸಿಂಹಕಟಾಂಜನ ಶಾಸನ’ ಎಂದೂ ಎರಡು ಮಾತು ಹೆಚ್ಚಾಗಿ ಬರೆದರೆ ತೊಡಕು ಹರಿಯುತ್ತದೆ. ಕೊಂಡಿಮಾತು ಚಿಕ್ಕದಾಗಿರಬೇಕೆಂಬುದು ನಿಜ. ಆದರೆ ಪಕ್ಕದ ಪುಟದಿಂದ ಬೇರ್ಪಡಿಸಲಾರದಷ್ಟು ಚಿಕ್ಕದಾಗಬಾರದು.

ಇದಕ್ಕೆ ಪ್ರತಿಯಾಗಿ ಕೆಲವರು ‘ಕನ್ನಡದ ಅತ್ಯಂತ ಪ್ರಾಚೀನ ಶಾಸನ’ ಎಂಬ ಕೊಂಡಿಯನ್ನು ಹಾಕುತ್ತಾರೆ. ಈ ಮಾತು ಆಕರ್ಷಕವಾದುದೆಂಬುದರಲ್ಲಿ ಸಂದೇಹವಿಲ್ಲ. ಹುಡುಕುವವರೂ ಈ ಮಾತನ್ನೇ ಕೊಟ್ಟು ಹುಡುಕಬಹುದು. ಆದರೆ ಅದು ಹೆಸರಲ್ಲ, ತೀರ್ಪು. ದೀರ್ಘಕಾಲ ಆ ಗೌರವ ಸಲ್ಲುತ್ತಿದ್ದುದು ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನಕ್ಕೆ. ಲಿಪಿಯ ಆಧಾರದಿಂದ ಕಾಲವನ್ನು ನಿರ್ಣಯಿಸುವ ಕೆಲಸದಲ್ಲಿ ವಾದಕ್ಕೆ ಅವಕಾಶ ಇದ್ದೇ ಇರುತ್ತದೆ. ಇಂಥ ಚರ್ಚೆಯನ್ನು ಮಾಡಬೇಕಾದದ್ದು ಲೇಖನದ ಒಡಲಿನಲ್ಲಿ, ಕಾರಣಗಳನ್ನು ಕೊಟ್ಟು. ಕೊಂಡಿಯಲ್ಲಿ ಮಾಡಿದ ತೀರ್ಪಿಗೆ ಕಾರಣವೂ ಇಲ್ಲ, ಮೇಲ್ಮನವಿಯೂ ಇಲ್ಲ. ನೂರು ಪುಟಗಳು ಅದೇ ಮಾತನ್ನು ಒಂದೇ ಕಡೆಗೆ ತೋರಿಸತೊಡಗಿದರೆ ಯಂತ್ರವು ಅದನ್ನು ಸತ್ಯವೆಂದಲ್ಲದಿದ್ದರೂ ಬಹುಮತವೆಂದು ಗಣಿಸುತ್ತದೆ; ಶಾಲೆಯ ಮಕ್ಕಳು ಬಹುಮತವನ್ನು ಸತ್ಯವೆಂದು ಬರೆದುಕೊಳ್ಳುತ್ತಾರೆ. ವಸ್ತುವಿನ ಹೆಸರನ್ನು ಕೊಂಡಿಯಲ್ಲಿಡಿ, ಅದರ ಹಿರಿಮೆಯನ್ನು ವಾಕ್ಯದಲ್ಲಿಡಿ ಎಂಬುದು ನಮ್ಮ ಸಲಹೆ.

ಹೆಸರುಗಳ ವಿಷಯದಲ್ಲಿ ಈ ಸೀಮೆಗೆ ವಿಶೇಷವಾದ ಕಷ್ಟಗಳುಂಟು. ರೈಲು ಹೋಗುವ ತಾಳಗುಪ್ಪ ಸಾಗರ ತಾಲ್ಲೂಕಿನದು. ಶಾಸನದ ತಾಳಗುಂದ ಶಿಕಾರಿಪುರ ತಾಲ್ಲೂಕಿನದು. ಬಳ್ಳಿಗಾವೆ, ಬಳ್ಳಿಗಾವಿ, ಬೆಳ್ಳಿಗಾವೆ ಎಂದು ಒಂದೇ ಊರನ್ನು ಮೂರು ಬಗೆಯಾಗಿ ಬರೆಯುವುದುಂಟು. ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಅದು ‘ಬೆಳಗಾಮಿ’ಯಾಗಿ, ರೋಮನ್ ಅಕ್ಷರದಲ್ಲಿ ನೋಡಿದವರು ಉತ್ತರದ ಬೆಳಗಾವಿಯೆಂದೇ ಭ್ರಮಿಸುವಂತಾಗಿದೆ. ಇತ್ತ 2014ರ ನವೆಂಬರ್ 1ರಂದು ಬೆಳಗಾವಿಯ ಇಂಗ್ಲಿಷ್ ಹೆಸರೂ ಕನ್ನಡದ ಉಚ್ಚಾರಣೆಗೆ ಹೊಂದಿಕೊಂಡ ಮೇಲೆ ಎರಡು ಊರುಗಳ ರೋಮನ್ ಕಾಗುಣಿತಗಳು ಮತ್ತಷ್ಟು ಹತ್ತಿರವಾದುವು. ಶಿಕಾರಪುರವೆಂಬ ಪಟ್ಟಣ ಸಿಂಧ್ ಪ್ರಾಂತದಲ್ಲಿಯೂ ಇದೆ, ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯಲ್ಲಿಯೂ ಇದೆ. ಇನ್ನು ಸೊರಬವನ್ನು ಇಂಗ್ಲಿಷಿನಲ್ಲಿ ಹಳೆಯ ಕ್ರಮದಲ್ಲಿ ಬರೆದರೆ ಅದು ಪಾರಸಿಗಳಲ್ಲಿ ಇಡುವ ಸೊರಾಬ್ ಎಂಬ ಹೆಸರಿನಿಂದ ಬೇರೆಯಾಗಿ ಕಾಣುವುದೇ ಇಲ್ಲ. ದಂಡಾವತಿಯ ದಡದ ಊರನ್ನು ಹುಡುಕಿದವನಿಗೆ ಮುಂಬಯಿಯ ಮಹನೀಯರ ಜೀವನಚರಿತ್ರೆಗಳು ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ.

ಈ ಗೊಂದಲಕ್ಕೆ ಸುಲಭವಾದ ಪರಿಹಾರವೆಂದರೆ ಕೊಂಡಿಯನ್ನು ಕನ್ನಡದ ಅಕ್ಷರಗಳಲ್ಲಿಯೇ ಬರೆಯುವುದು. ಕನ್ನಡದಲ್ಲಿ ಬರೆದಾಗ ಸೊರಬ ಸೊರಬವೇ, ಬಳ್ಳಿಗಾವಿ ಬಳ್ಳಿಗಾವಿಯೇ. ಇಂಗ್ಲಿಷಿನಲ್ಲಿ ಕೊಂಡಿ ಹಾಕಲೇಬೇಕಾದ ಸಂದರ್ಭ ಬಂದಾಗ ಊರಿನ ಹೆಸರಿನೊಡನೆ ಜಿಲ್ಲೆಯ ಹೆಸರನ್ನೋ ದೇವಾಲಯದ ಹೆಸರನ್ನೋ ಜೋಡಿಸುವುದು ಲೇಸು. ಆದರೆ ಕನ್ನಡದ ಅಕ್ಷರವೆಂದಾಗ ಒಂದು ಎಚ್ಚರಿಕೆ ಅವಶ್ಯಕ. ಯೂನಿಕೋಡ್ ಎಂಬ ಸಂಕೇತವ್ಯವಸ್ಥೆ 1991ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. ಆದರೂ ನಮ್ಮವರು ಬಹುಕಾಲ ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಕಣ್ಣಿಗೆ ಕಾಣುವ ರೂಪ ಕನ್ನಡದ್ದಾದರೂ ಒಳಗಿನ ಸಂಕೇತ ರೋಮನ್ ಅಕ್ಷರಗಳದು. ಅಂಥ ಹಳೆಯ ಕಡತಗಳನ್ನು ಹಾಗೆಯೇ ಜಾಲಕ್ಕೆ ಏರಿಸಿದರೆ ಮನುಷ್ಯನು ‘ಚಂದ್ರಗುತ್ತಿ’ ಎಂದು ಓದುವ ಕಡೆಯಲ್ಲಿ ಯಂತ್ರವು ಅರ್ಥವಿಲ್ಲದ ಗೀಚನ್ನು ಓದುತ್ತದೆ. ಆ ಕಡತದ ಒಳಗನ್ನು ಓದಲಾರದ ಯಂತ್ರಕ್ಕೆ ಅದರ ವಿಷಯವನ್ನು ತಿಳಿಸುವುದು ಯೂನಿಕೋಡಿನಲ್ಲಿ ಬರೆದ ಹೊರಗಿನ ಕೊಂಡಿಮಾತೇ. ಕಲ್ಲಿನ ಚಿತ್ರಕ್ಕೆ ಹೇಗೋ ಇಂಥ ಕಡತಕ್ಕೂ ಹಾಗೆಯೇ.

ಹೆಸರಿಡುವುದರಲ್ಲಿ ನಮಗೆ ಹಿಂದಿನವರ ಮಾದರಿಯೊಂದು ಇದೇ ಸೀಮೆಯಲ್ಲಿ ಉಂಟೆಂಬುದು ಸಂತೋಷದ ಸಂಗತಿ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟ 1902ರಲ್ಲಿಯೂ ಎಂಟನೆಯದು 1904ರಲ್ಲಿಯೂ ಹೊರಬಂದುವು. ಮೊದಲಿನದರಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು, ಎರಡನೆಯದರಲ್ಲಿ ಸೊರಬ ತಾಲ್ಲೂಕಿನವು. ಪ್ರತಿಯೊಂದು ಶಾಸನಕ್ಕೂ ರೈಸ್ ಅವರು ತಾಲ್ಲೂಕಿನ ಹೆಸರನ್ನೂ ಒಂದು ಸಂಖ್ಯೆಯನ್ನೂ ಕೊಟ್ಟರು. ತಾಳಗುಂದದ ಸ್ತಂಭ ‘ಶಿಕಾರಿಪುರ 176’ ಆಯಿತು. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯ ವಿಷಯವನ್ನು ತಿಳಿಸುವ ಬಂದಳಿಕೆಯ ಕಲ್ಲು ‘ಶಿಕಾರಿಪುರ 219’ ಆಯಿತು. ನೂರಿಪ್ಪತ್ತು ವರ್ಷಗಳಿಂದ ಸಂಶೋಧಕರು ತಮ್ಮ ಅಡಿಟಿಪ್ಪಣಿಗಳಲ್ಲಿ ಈ ಪುಟ್ಟ ಹೆಸರುಗಳನ್ನು ಕೈಬದಲಾಯಿಸುತ್ತ ಬಂದಿದ್ದಾರೆ. ಕೊಂಡಿಯೆಂಬ ಶಬ್ದ ಹುಟ್ಟುವ ಮೊದಲೇ ಇದ್ದ ಕೊಂಡಿಮಾತುಗಳಿವು: ಸಂಕ್ಷಿಪ್ತ, ಅಸಂದಿಗ್ಧ, ಯಾರ ಹೊಗಳಿಕೆಯೂ ಸೇರದ್ದು. ಅವುಗಳ ದೋಷವೆಂದರೆ ಪಂಡಿತರಲ್ಲದವರಿಗೆ ಅರ್ಥವಾಗದಿರುವುದು. ‘ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯ ಶಾಸನ, ಶಿಕಾರಿಪುರ 219’ ಎಂದು ಬರೆದರೆ ಪಂಡಿತನಿಗೂ ಪಾಮರನಿಗೂ ಒಂದೇ ಬಾಗಿಲು ತೆರೆದಂತಾಗುತ್ತದೆ. ಸ್ವಲ್ಪ ಉದ್ದವಾಯಿತೆಂದು ಆಕ್ಷೇಪಿಸುವವರು ಅದರ ಬದಲಿಗೆ ‘ಇನ್ನಷ್ಟು ಓದಿ’ ಎಂದು ಹಾಕಿ, ಜಕ್ಕಿಯಬ್ಬೆಯನ್ನು ಹುಡುಕುವ ಹುಡುಗಿ ಅಲ್ಲಿಗೆ ಹೇಗೆ ಬಂದು ಸೇರಬೇಕೆಂಬುದನ್ನು ನಮಗೆ ತಿಳಿಸಲಿ.

ಕೊಂಡಿಮಾತನ್ನು ಎಲ್ಲೆಡೆಯಲ್ಲಿಯೂ ಒಂದೇ ರೂಪದಲ್ಲಿ ಬರೆಯಬೇಕೆ, ಬದಲಾಯಿಸುತ್ತಿರಬೇಕೆ ಎಂಬ ಪ್ರಶ್ನೆಯೊಂದು ಏಳುತ್ತದೆ. ಇಂಗ್ಲಿಷಿನಲ್ಲಿ ಇದು ದೊಡ್ಡ ವಿವಾದ. ಕನ್ನಡವು ಇದನ್ನು ತನ್ನ ವ್ಯಾಕರಣದಿಂದಲೇ ಅರ್ಧದಷ್ಟು ಪರಿಹರಿಸಿದೆ. ‘ಗುಡವಿ ಪಕ್ಷಿಧಾಮ’, ‘ಗುಡವಿಯ ಪಕ್ಷಿಧಾಮದಲ್ಲಿ’, ‘ಗುಡವಿಗೆ ಬರುವ ಬಿಳಿ ಕೆಂಬರಲುಗಳು’ — ವಾಕ್ಯಕ್ಕೆ ತಕ್ಕಂತೆ ವಿಭಕ್ತಿಪ್ರತ್ಯಯಗಳು ಸೇರಿ ಮಾತು ತಾನಾಗಿ ರೂಪ ಬದಲಾಯಿಸುತ್ತದೆ. ಯಂತ್ರಕ್ಕೆ ‘ಗುಡವಿ’, ‘ಗುಡವಿಯ’, ‘ಗುಡವಿಗೆ’ ಮೂರೂ ಬೇರೆ ಬೇರೆ ಅಕ್ಷರಮಾಲೆಗಳು. ಪ್ರತ್ಯಯವನ್ನು ಬಿಡಿಸಿ ನೋಡಿದಾಗಲೇ ಅವುಗಳ ಬಂಧುತ್ವ ಅದಕ್ಕೆ ತಿಳಿಯಬೇಕು. ಹಲವರು ಹಲವು ವಿಭಕ್ತಿಗಳಲ್ಲಿ ಕೊಂಡಿ ಹಾಕಿದಷ್ಟೂ ಹಲವು ರೂಪಗಳಲ್ಲಿ ಹುಡುಕುವವರಿಗೆ ಪುಟ ದೊರೆಯುವ ಸಂಭವ ಹೆಚ್ಚು. ಆದುದರಿಂದ ಹೆಸರನ್ನು ಪ್ರಥಮಾವಿಭಕ್ತಿಯಲ್ಲಿ ಮೊಳೆ ಹೊಡೆದು ನಿಲ್ಲಿಸಿ, ವಾಕ್ಯವನ್ನು ಅದರ ಸುತ್ತ ತಿರುಚುವ ಕ್ರಮವನ್ನು ನಾವು ಒಪ್ಪುವುದಿಲ್ಲ. ಮೊದಲು ಒಳ್ಳೆಯ ಕನ್ನಡ ವಾಕ್ಯವನ್ನು ಬರೆಯಿರಿ. ಆಮೇಲೆ ಅದರಲ್ಲಿ ವಿಷಯವನ್ನು ಹೇಳುವ ಎರಡು ಮೂರು ಪದಗಳನ್ನು, ಪ್ರತ್ಯಯವನ್ನೂ ಒಳಗೊಂಡು, ಕೊಂಡಿಯಾಗಿ ಮಾಡಿರಿ.

ಒಂದೇ ಮಾತನ್ನು ನೂರು ಸಲ ಹೇಳಿಸುವುದರಿಂದ ಲಾಭವಿದೆಯೆಂದು ನಂಬಿದವರು ಲೋಕದಲ್ಲಿ ಕಡಮೆಯಿಲ್ಲ. ಯಂತ್ರವು ನೆರೆಯವರ ಸಾಕ್ಷ್ಯವನ್ನು ನಂಬುತ್ತದೆಯೆಂದು ತಿಳಿದೊಡನೆಯೇ ಕೂಲಿಯ ಸಾಕ್ಷಿಗಳು ಹುಟ್ಟಿಕೊಂಡರು. 2003ರಲ್ಲಿ ಅಮೆರಿಕದ ಕೆಲವು ಚೇಷ್ಟೆಗಾರರು ‘ಶೋಚನೀಯ ವೈಫಲ್ಯ’ ಎಂಬರ್ಥದ ಇಂಗ್ಲಿಷ್ ಮಾತನ್ನು ಕೊಂಡಿಯಾಗಿ ಮಾಡಿ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಜೀವನಚರಿತ್ರೆಯ ಪುಟಕ್ಕೆ ಕಟ್ಟಿದರು. ಆ ಮಾತು ಪುಟದಲ್ಲಿ ಎಲ್ಲಿಯೂ ಇಲ್ಲದಿದ್ದರೂ ಅದನ್ನು ಹುಡುಕಿದವರಿಗೆ ಆ ಪುಟವೇ ಮೊದಲು ಕಾಣಿಸಿತು. ಗೂಗಲ್ ಸಂಸ್ಥೆ 2007ರ ಜನವರಿಯಲ್ಲಿ ತನ್ನ ಗಣನಕ್ರಮವನ್ನು ತಿದ್ದಿ ಇಂಥ ಚೇಷ್ಟೆಗಳ ಪ್ರಭಾವವನ್ನು ತಗ್ಗಿಸಿತು. ಚೇಷ್ಟೆಗಿಂತ ವ್ಯಾಪಾರವೇ ಹೆಚ್ಚಿನ ಪಿಡುಗಾಗಿತ್ತು. ಹಣಕ್ಕಾಗಿ ಕೊಂಡಿಗಳನ್ನು ಮಾರುವವರು ಒಂದೇ ಮಾತನ್ನು ಸಂಬಂಧವಿಲ್ಲದ ನೂರಾರು ಪುಟಗಳಲ್ಲಿ ತುರುಕುತ್ತಿದ್ದರು. 2012ರ ಏಪ್ರಿಲಿನಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ತಿದ್ದುಪಡಿಯಿಂದ ಅಂಥ ಪುಟಗಳು ಮೇಲಿನ ಸ್ಥಾನದಿಂದ ಕೆಳಗುರುಳಿದುವು. ಸ್ವಾಭಾವಿಕವಾಗಿ ಹತ್ತು ಜನ ಒಂದೇ ವಸ್ತುವನ್ನು ಹತ್ತು ಬಗೆಯಾಗಿ ಕರೆಯುತ್ತಾರೆ. ಎಲ್ಲರೂ ಅಕ್ಷರಶಃ ಒಂದೇ ಮಾತನ್ನಾಡಿದರೆ ಯಾರೋ ಹೇಳಿಕೊಟ್ಟಿದ್ದಾರೆಂದು ಊರಿನ ಪಂಚಾಯಿತಿಯೂ ಊಹಿಸುತ್ತದೆ, ಯಂತ್ರವೂ ಊಹಿಸುತ್ತದೆ. ಮಾರಿಕೊಂಬೆ ಕಾಡಿನ ಮರದಲ್ಲಿ ನೆಟ್ಟಂತಿರುವ ಇಂಥ ಕೊಂಡಿಗಳನ್ನು ಕೊಳ್ಳುವುದಕ್ಕೆ ನಮ್ಮ ಉಪಾಧ್ಯಾಯರಂಥವರು ಒಂದು ರೂಪಾಯಿಯನ್ನೂ ವೆಚ್ಚಮಾಡಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳು ಕೊಂಡಿಗೆ ‘ನೋಫಾಲೋ’ ಎಂಬ ಗುರುತನ್ನು ಕಟ್ಟುವ ಪದ್ಧತಿಯನ್ನೂ ಒಪ್ಪಿಕೊಂಡುವು. ಈ ದಾರಿಯನ್ನು ತೋರಿಸಿದ್ದೇನೆ, ಆದರೆ ಇದಕ್ಕೆ ನಾನು ಜಾಮೀನಲ್ಲ ಎಂಬುದು ಅದರ ತಾತ್ಪರ್ಯ. ವಿಕಿಪೀಡಿಯದಿಂದ ಹೊರಗೆ ಹೋಗುವ ಕೊಂಡಿಗಳಿಗೆ ಈ ಗುರುತು ಇರುತ್ತದೆ. 2019ರಿಂದ ಗೂಗಲ್ ಇದನ್ನು ಕಟ್ಟಪ್ಪಣೆಯೆಂದು ತಿಳಿಯದೆ ಸೂಚನೆಯೆಂದು ಮಾತ್ರ ತಿಳಿಯುತ್ತಿದೆ. ಅದೇನೇ ಇರಲಿ, ಕನ್ನಡ ವಿಕಿಪೀಡಿಯದ ಬಂದಳಿಕೆಯ ಲೇಖನವನ್ನು ಓದುವ ಮನುಷ್ಯನ ಕಣ್ಣಿಗೆ ಈ ಗುರುತು ಕಾಣುವುದಿಲ್ಲ. ಅವನಿಗೆ ಕಾಣುವುದು ಮಾತು. ಅವನು ಬರಬೇಕೆಂದಿದ್ದರೆ ಆ ಮಾತು ಸರಿಯಾಗಿರಬೇಕು.

ಕಾಣುವುದೆಂದೆವು, ಕಾಣದವರ ವಿಷಯವನ್ನೂ ಹೇಳಬೇಕು. ದೃಷ್ಟಿಯಿಲ್ಲದವರು ಗಣಕದ ಪರದೆಯನ್ನು ಓದಿಹೇಳುವ ತಂತ್ರಾಂಶದ ಮೂಲಕ ಜಾಲವನ್ನು ಬಳಸುತ್ತಾರೆ. ಕನ್ನಡವನ್ನು ಉಚ್ಚರಿಸಬಲ್ಲ ತಂತ್ರಾಂಶಗಳು ಈಗ ಉಂಟು. ನಾವು ಪುಟವನ್ನು ಕಣ್ಣಿನಿಂದ ತೇಲಿಸಿ ನೋಡುವಂತೆ, ಅವರು ಪುಟದಲ್ಲಿರುವ ಕೊಂಡಿಗಳನ್ನು ಮಾತ್ರ ಪಟ್ಟಿಮಾಡಿಸಿ ಒಂದೊಂದಾಗಿ ಕೇಳಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ವಾಕ್ಯ ಇರುವುದಿಲ್ಲ, ಸಂದರ್ಭ ಇರುವುದಿಲ್ಲ, ಕೊಂಡಿಮಾತು ಮಾತ್ರ. ಬಳ್ಳಿಗಾವಿಯ ದೇವಾಲಯಗಳ ಪುಟವನ್ನು ತೆರೆದು ‘ಇಲ್ಲಿ, ಇಲ್ಲಿ, ಇಲ್ಲಿ, ಇನ್ನಷ್ಟು, ಇಲ್ಲಿ’ ಎಂದು ಕೇಳಿದವರ ಸ್ಥಿತಿಯನ್ನು ವಾಚಕರು ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಕಲ್ಪಿಸಿಕೊಳ್ಳಬೇಕು. ಜಾಲಪುಟಗಳು ಎಲ್ಲರಿಗೂ ಎಟಕುವಂತಿರಬೇಕೆಂದು 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ಕೊಂಡಿಯ ಉದ್ದೇಶ ಅದರ ಮಾತಿನಿಂದಲೋ ಮಾತು ಮತ್ತು ಸಂದರ್ಭ ಸೇರಿಯೋ ತಿಳಿಯುವಂತಿರಬೇಕೆಂಬುದನ್ನು ಕನಿಷ್ಠತಮ ಮಟ್ಟದ ನಿಯಮವಾಗಿಯೇ ಇಟ್ಟಿದ್ದಾರೆ. ಬರಿಯ ಮಾತಿನಿಂದಲೇ ತಿಳಿಯಬೇಕೆಂಬುದು ಮೇಲಿನ ಮಟ್ಟದ ನಿಯಮ. ಕೆಳಗಿನ ಮೆಟ್ಟಿಲನ್ನಾದರೂ ಹತ್ತುವುದಕ್ಕೆ ನಮಗೆ ಖರ್ಚೇನೂ ಇಲ್ಲ.

ಈಗಿನ ಯಂತ್ರಗಳು ಬಹಳ ಚತುರವಾಗಿವೆ, ಪುಟದ ಒಟ್ಟು ಅರ್ಥವನ್ನೇ ಗ್ರಹಿಸುತ್ತವೆ, ಆದಕಾರಣ ಕೊಂಡಿಮಾತಿನ ವಿಚಾರ ಹಳತಾಯಿತು ಎಂದು ವಾದಿಸುವವರಿದ್ದಾರೆ. ಯಂತ್ರಗಳ ಚಾತುರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಚಾತುರ್ಯ ಬಂದದ್ದು ಓದಿನಿಂದ. ಓದು ಸಮೃದ್ಧವಾಗಿರುವ ಭಾಷೆಗಳಲ್ಲಿ ಅದು ಹೆಚ್ಚು, ಜಾಲದಲ್ಲಿ ಬರಹ ಕಡಮೆಯಾಗಿರುವ ಕನ್ನಡದಂಥ ಭಾಷೆಗಳಲ್ಲಿ ಕಡಮೆ. ಲಂಡನ್ನಿನ ಸೇತುವೆಯನ್ನು ಕುರಿತು ಕೆಟ್ಟ ಕೊಂಡಿ ಹಾಕಿದರೂ ಯಂತ್ರ ಸರಿಯಾದುದನ್ನು ಊಹಿಸಿಕೊಂಡೀತು. ಕುಬಟೂರಿನ ವಿಷಯದಲ್ಲಿ ಊಹಿಸಿಕೊಳ್ಳಲು ಅದರ ಬಳಿ ಸಾಮಗ್ರಿ ಎಲ್ಲಿದೆ? ನಾವು ಇಂದು ಬರೆಯುವ ಕೊಂಡಿಮಾತುಗಳೇ ಆ ಸಾಮಗ್ರಿಯ ಒಂದು ಭಾಗ.

ಕೊನೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ಬ್ಲಾಗನ್ನು ಬರೆಯುವವನು ಒಬ್ಬ, ಅದಕ್ಕೆ ಕೊಂಡಿ ಹಾಕುವವನು ಮತ್ತೊಬ್ಬ. ಹಾಗಿರುವಾಗ ಮಾತನ್ನು ಆರಿಸುವ ಅಧಿಕಾರ ಬರೆದವನಿಗೆ ಎಲ್ಲಿಂದ ಬರಬೇಕೆಂದು ಕೇಳಬಹುದು. ಕೊಂಡಿ ಹಾಕುವವರು ಸಾಮಾನ್ಯವಾಗಿ ಶ್ರಮಪಡುವುದಿಲ್ಲ. ಪುಟದ ಶೀರ್ಷಿಕೆಯನ್ನು ಹಾಗೆಯೇ ಎತ್ತಿ ಇಡುತ್ತಾರೆ. ಆದುದರಿಂದ ಶೀರ್ಷಿಕೆಯೇ ನಾಳಿನ ಕೊಂಡಿಮಾತು. ನಮ್ಮ ಕನ್ನಡಿಗರಿಗೆ ಶೀರ್ಷಿಕೆಯಲ್ಲಿ ಕವಿತ್ವವನ್ನು ಮೆರೆಯುವ ಚಪಲ ಬಹಳ. ‘ಕಲ್ಲು ನುಡಿದಾಗ’, ‘ಮರೆತ ಹೆಜ್ಜೆಗಳು’, ‘ಮೌನದ ಮಾತು’ — ಇವು ಭಾವಗೀತೆಗಳಿಗೆ ಭೂಷಣ. ಚಂದ್ರಗುತ್ತಿಯ ಸಮೀಪದ ವೀರಗಲ್ಲೊಂದರ ಪುಟಕ್ಕೆ ಇಂಥ ಹೆಸರಿಟ್ಟರೆ, ಆ ಕಲ್ಲು ಹೊಲದಲ್ಲಿ ಕವುಚಿ ಬಿದ್ದಿದ್ದಾಗ ಎಷ್ಟು ಮರೆಯಾಗಿತ್ತೋ ಜಾಲದಲ್ಲಿಯೂ ಅಷ್ಟೇ ಮರೆಯಾಗಿರುತ್ತದೆ. ಊರು, ವಸ್ತು, ಗೊತ್ತಿದ್ದರೆ ಕಾಲ ಅಥವಾ ಅರಸನ ಹೆಸರು, ಮುದ್ರಿತವಾಗಿದ್ದರೆ ರೈಸ್ ಅವರ ಸಂಖ್ಯೆ: ಇಷ್ಟನ್ನು ಶೀರ್ಷಿಕೆಯಲ್ಲಿಟ್ಟು, ಕವಿತ್ವವನ್ನು ಲೇಖನದ ಎರಡನೆಯ ವಾಕ್ಯಕ್ಕೆ ಮೀಸಲಿಡಬಹುದು. ಶಾಸನವನ್ನು ಇನ್ನೂ ಯಾರೂ ಓದಿಲ್ಲದಿದ್ದರೆ ಅದನ್ನೂ ಹೇಳಬಹುದು. ‘ಆನವಟ್ಟಿ ಹೋಬಳಿಯ ಓದದ ವೀರಗಲ್ಲು’ ಎಂಬ ಶೀರ್ಷಿಕೆಯನ್ನು ಕಂಡು ಓದಬಲ್ಲ ವಿದ್ವಾಂಸರೊಬ್ಬರು ಧಾರವಾಡದಿಂದಲೋ ಮೈಸೂರಿನಿಂದಲೋ ಆ ಪುಟಕ್ಕೆ ಬರುವುದು ಅಸಂಭವವೇನಲ್ಲ. ಒಮ್ಮೆ ಇಟ್ಟ ವಿಳಾಸವನ್ನು ಆಮೇಲೆ ಬದಲಾಯಿಸದಿದ್ದರೆ ಸಾಕು. ಅವರು ಪಾಠವನ್ನು ಓದಿ ತಮ್ಮ ಪ್ರಬಂಧದಲ್ಲಿ ಹಾಕುವ ಕೊಂಡಿಗೆ ಆ ಕಲ್ಲಿನಲ್ಲಿ ಮಡಿದ ವೀರನ ಹೆಸರೇ ಮಾತಾಗಿ ಬರುತ್ತದೆ.